ಅಮೆರಿಕದ ಮಿಲಿಟರಿ ಬೇಸ್‌ನಲ್ಲಿ ಕೆಲಸ ಮಾಡುವಾಗ ಪೆಟ್ಟಾಯ್ತಾ? ಪರಿಹಾರ ಕೇಳುವ ದಾರಿ ಹೀಗಿದೆ

ಓದುವ ಮೊದಲು ಒಂದು ಕೆಲಸ ಮಾಡಿ. ಪೆಟ್ಟಾದ ತಾರೀಖು, ಹೊತ್ತು, ಜಾಗ, ಆಗ ಪಕ್ಕದಲ್ಲಿ ಯಾರಿದ್ದರು, ಯಾರಿಗೆ ಹೇಳಿದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಬರೆದರೂ ಆಯ್ತು. ಮುಂದೆ ಹೇಳುವ ಹಲವು ಲೆಕ್ಕ ಆ ತಾರೀಖಿನಿಂದಲೇ ಶುರುವಾಗುತ್ತದೆ.

ಈಗ ವಿಷಯಕ್ಕೆ ಬರೋಣ. ಕುವೈತಿನ ಕ್ಯಾಂಪ್ ಆರಿಫ್ಜಾನ್, ಕತಾರಿನ ಅಲ್ ಉದೈದ್, ಜಿಬೂತಿಯ ಕ್ಯಾಂಪ್ ಲೆಮೊನಿಯೆ, ಹಿಂದೆ ಅಫ್ಘಾನಿಸ್ತಾನದ ಬಗ್ರಾಮ್. ಇಂಥ ಕಡೆ ಅಡುಗೆ, ಲಾಂಡ್ರಿ, ಲಾರಿ, ಎಲೆಕ್ಟ್ರಿಕಲ್, ಗೋದಾಮು, ಕಾವಲು ಎಲ್ಲವನ್ನೂ ಮಾಡುವವರು ಸೈನಿಕರಲ್ಲ, ಕಂಪನಿಯ ಜನ. ಅವರಲ್ಲಿ ಭಾರತ, ನೇಪಾಳ, ಫಿಲಿಪೀನ್ಸ್‌ನವರು ಸಾವಿರಾರು ಮಂದಿ. ಅಲ್ಲಿನ ಭಾಷೆಯಲ್ಲಿ ಇವರು 'ಟಿಸಿಎನ್', ಅಂದರೆ ಅಮೆರಿಕದವರೂ ಅಲ್ಲ, ಆ ಊರಿನವರೂ ಅಲ್ಲ, ಮೂರನೇ ದೇಶದವರು. ಕೆಲಸದಲ್ಲಿ ಕೈ ಮುರಿದರೆ, ರಾಕೆಟ್ ಬಿದ್ದು ಕಿವಿ ಕೇಳದಂತಾದರೆ, ಇಂಥ ಒಬ್ಬನಿಗೆ ಕ್ಯಾಂಪ್ ಬಾಸ್ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಟಿಕೆಟ್ ಮಾಡಿಸ್ತೀವಿ, ಮನೆಗೆ ಹೋಗಿ ರೆಸ್ಟ್ ತಗೋ." ಆತ ಮನೆಗೆ ಬರುತ್ತಾನೆ. ಕಥೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾನೆ.

ಮುಗಿದಿಲ್ಲ. ಡಿಫೆನ್ಸ್ ಬೇಸ್ ಆ್ಯಕ್ಟ್ ಅಂತ ಅಮೆರಿಕದ ಒಂದು ಕಾನೂನಿದೆ, ಸುಮ್ನೆ ಡಿಬಿಎ ಅನ್ನುತ್ತಾರೆ. 1941ರ ಆಗಸ್ಟ್‌ನಲ್ಲಿ ಬಂದದ್ದು. ಅಮೆರಿಕ ಇನ್ನೂ ಎರಡನೇ ಮಹಾಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಹೊರಗಿನ ನೆಲದಲ್ಲಿ ಬೇಸ್ ಕಟ್ಟಿಸಲು ಶುರು ಮಾಡಿತ್ತು. ಅಲ್ಲಿ ಕಟ್ಟಡ ಕೆಲಸಕ್ಕೆ ಹೋದವರಿಗೆ ಏನಾದರೂ ಆದರೆ ಯಾರು ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆ ಬಂತು. ಹೊಸ ಕಾನೂನನ್ನು ಪೂರ್ತಿ ಬರೆಯುವ ಬದಲು, ಬಂದರಿನ ಕೂಲಿಗಳಿಗಾಗಿ 1927ರಲ್ಲಿ ಮಾಡಿದ್ದ ಲಾಂಗ್‌ಶೋರ್ ಕಾನೂನನ್ನೇ ತಂದು ಇವರಿಗೂ ಹೊಂದಿಸಿದರು. ಅದಕ್ಕೇ ಇವತ್ತು ಮರಳುಗಾಡಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವನ ಫಾರಂ ಮೇಲೂ 'ಎಲ್‌ಎಸ್' ಅಂತ ಇರುತ್ತದೆ. ಅದು ಲಾಂಗ್‌ಶೋರ್‌ನ ಎಲ್‌ಎಸ್. ತಪ್ಪು ಫಾರಂ ಬಂತೇನೋ ಅಂತ ಗಾಬರಿ ಬೀಳಬೇಡಿ.

ನಾನು ಇದರಲ್ಲಿ ಬರುತ್ತೇನಾ?

ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ. ಕೆಲಸ ಯಾವ ಕಾಂಟ್ರಾಕ್ಟಿನ ಕೆಳಗೆ ಬರುತ್ತದೆ ಅನ್ನುವುದನ್ನು ನೋಡಬೇಕು. ಅಮೆರಿಕದ ಹೊರಗೆ ಅವರ ಮಿಲಿಟರಿ ಬೇಸ್‌ನಲ್ಲಿ ಖಾಸಗಿ ಕಂಪನಿಯ ಕೆಲಸ ಮಾಡುತ್ತಿದ್ದರೆ ಬರುತ್ತೀರಿ. ಬೇಸ್‌ನ ಹೊರಗಿದ್ದರೂ ಅಮೆರಿಕ ಸರ್ಕಾರದ ಯಾವುದಾದರೂ ಇಲಾಖೆಯ ಸಾರ್ವಜನಿಕ ಕಾಮಗಾರಿ ಅಥವಾ ರಕ್ಷಣೆಗೆ ಸಂಬಂಧಿಸಿದ ಸೇವೆಯ ಕಾಂಟ್ರಾಕ್ಟ್ ಆಗಿದ್ದರೆ ಬರುತ್ತೀರಿ. ವಿದೇಶಿ ನೆರವಿನ ಕಾನೂನಿನಡಿ ಅಮೆರಿಕ ಹಣ ಕೊಟ್ಟು ಮಾಡಿಸುವ ಕೆಲವು ಕಾಂಟ್ರಾಕ್ಟುಗಳು, ಸೈನಿಕರ ಮನರಂಜನೆ ಮತ್ತು ಕ್ಷೇಮಕ್ಕಾಗಿ ದುಡಿಯುವ ಅಮೆರಿಕದ ಸಂಸ್ಥೆಗಳ ನೌಕರರು ಕೂಡ ಸೇರುತ್ತಾರೆ. ನೀವು ಸಬ್‌ಕಾಂಟ್ರಾಕ್ಟರ್ ಹತ್ತಿರ ಇದ್ದರೂ, ಸಬ್‌ಕಾಂಟ್ರಾಕ್ಟರಿನ ಸಬ್‌ಕಾಂಟ್ರಾಕ್ಟರ್ ಹತ್ತಿರ ಇದ್ದರೂ ಲೆಕ್ಕಕ್ಕೆ ಬರುತ್ತೀರಿ.

ಬರದೇ ಇರುವವರೂ ಇದ್ದಾರೆ. ಸೈನಿಕರು, ಅಮೆರಿಕ ಸರ್ಕಾರದ ನೇರ ನೌಕರರು, ಇವರಿಗೆ ಬೇರೆ ಕಾನೂನು. ಕೊಲ್ಲಿಯಲ್ಲಿ ಯಾವುದೋ ಖಾಸಗಿ ಎಣ್ಣೆ ಕಂಪನಿಯಲ್ಲೋ ಹೋಟೆಲಿನಲ್ಲೋ ಇದ್ದರೆ, ಅಮೆರಿಕ ಸರ್ಕಾರದ ಕಾಂಟ್ರಾಕ್ಟೇ ಇಲ್ಲದಿದ್ದರೆ, ಈ ದಾರಿ ಇಲ್ಲ. ಇನ್ನೊಂದು, ಕೆಲವು ದೇಶಗಳಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ 'ವೇವರ್' ಕೊಟ್ಟಿರುತ್ತದೆ. ಆ ದೇಶದ ಸ್ಥಳೀಯ ಕಾನೂನೇ ಪರಿಹಾರ ಕೊಡುತ್ತದೆ ಅನ್ನುವ ಆಧಾರದ ಮೇಲೆ ಅಲ್ಲಿನ ಸ್ಥಳೀಯರಿಗೋ ಮೂರನೇ ದೇಶದವರಿಗೋ ಡಿಬಿಎ ಬೇಡ ಅಂತ ಬಿಟ್ಟಿರುತ್ತಾರೆ. ಅಮೆರಿಕದ ಪ್ರಜೆಗಳಿಗೆ, ಅಲ್ಲಿ ನೆಲೆಸಿರುವವರಿಗೆ, ಅಮೆರಿಕದಲ್ಲೇ ನೇಮಕವಾದವರಿಗೆ ಈ ವೇವರ್ ಅನ್ವಯಿಸುವುದಿಲ್ಲ. ಕಂಪನಿಯವರು "ನಿಮ್ಮ ದೇಶಕ್ಕೆ ವೇವರ್ ಇದೆ" ಅಂದರೆ ಬಾಯಿಮಾತನ್ನು ನಂಬಬೇಡಿ, ಕಾಗದ ತೋರಿಸಿ ಅನ್ನಿ.

ಈ ಪರಿಹಾರದ ಹಣ ಬರುವುದು ಕಂಪನಿ ಮಾಡಿಸಬೇಕಾದ ವಿಮೆಯಿಂದ. ಕಂಪನಿ ಆ ವಿಮೆಯನ್ನೇ ಮಾಡಿಸಿಲ್ಲ ಅಂದರೆ? ಅದು ಕಂಪನಿಗೆ ತಲೆನೋವು. ಹಾಗೆ ಮಾಡುವುದು ಅಪರಾಧ, 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು, ಮೇಲಾಗಿ ಕೆಲಸಗಾರ ನೇರವಾಗಿ ಕೋರ್ಟಿಗೆ ಹೋಗಿ ನಷ್ಟ ಕೇಳಬಹುದು. ಸಬ್‌ಕಾಂಟ್ರಾಕ್ಟರ್ ವಿಮೆ ಮಾಡಿಸದಿದ್ದರೆ ಅವನ ಮೇಲಿರುವ ಕಾಂಟ್ರಾಕ್ಟರ್ ತಲೆಗೇ ಹೊಣೆ ಬರುತ್ತದೆ. ಹಾಗಾಗಿ ನಿಮ್ಮ ಕಂಪನಿ ಬಾಗಿಲು ಹಾಕಿ ಮಾಯವಾಗಿದ್ದರೂ ಕೈಚೆಲ್ಲಬೇಡಿ. ನಿಮ್ಮ ಬ್ಯಾಡ್ಜ್, ಪ್ರವೇಶ ಪತ್ರ, ಸಂಬಳದ ಚೀಟಿ, ಆಫರ್ ಲೆಟರ್, ಯಾವುದರ ಮೇಲಾದರೂ ದೊಡ್ಡ ಕಂಪನಿಯ ಹೆಸರೋ ಕಾಂಟ್ರಾಕ್ಟ್ ನಂಬರೋ ಇದ್ದರೆ ಅದರ ಫೋಟೋ ಇಟ್ಟುಕೊಳ್ಳಿ. ವಿಮೆ ಕಂಪನಿಯ ಹೆಸರು ಕೆಲಸದ ಜಾಗದಲ್ಲಿ ನೋಟಿಸ್ ಆಗಿ ಅಂಟಿಸಿರಬೇಕು ಅಂತ ನಿಯಮವಿದೆ. ಕಾಣಿಸಿದ ದಿನವೇ ಅದರದ್ದೂ ಒಂದು ಫೋಟೋ.

ಯಾವ ಪೆಟ್ಟಿಗೆ ಸಿಗುತ್ತದೆ

ತಪ್ಪು ಯಾರದ್ದು ಅನ್ನುವ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ನಿಮ್ಮದೇ ಅಜಾಗರೂಕತೆ ಇದ್ದರೂ ಸಿಗುತ್ತದೆ. ಬರೀ ಕುಡಿತದಿಂದಲೇ ಆದ ಪೆಟ್ಟು, ಬೇಕಂತಲೇ ತನಗೋ ಬೇರೆಯವರಿಗೋ ಮಾಡಿದ ಹಾನಿ, ಇವೆರಡು ಮಾತ್ರ ಹೊರಗೆ.

ಸಾಮಾನ್ಯ ವಿಮೆಗಳಲ್ಲಿ ಯುದ್ಧದಿಂದ ಆದ ಹಾನಿಗೆ ಹಣ ಇಲ್ಲ ಅಂತ ಬರೆದಿರುತ್ತಾರೆ. ಇಲ್ಲಿ ಹಾಗಿಲ್ಲ. ರಾಕೆಟ್, ಬಾಂಬ್, ಗುಂಡು ಎಲ್ಲವೂ ಒಳಗೆ ಬರುತ್ತವೆ. 1942ರ ವಾರ್ ಹಜಾರ್ಡ್ಸ್ ಕಾನೂನಿನ ಪ್ರಕಾರ ಅಂಥ ಕೇಸಿನಲ್ಲಿ ವಿಮೆ ಕಂಪನಿ ಕೊಟ್ಟ ಹಣವನ್ನು ಆಮೇಲೆ ಅಮೆರಿಕ ಸರ್ಕಾರದಿಂದ ವಾಪಸು ಪಡೆಯಬಹುದು, ಅದು ಅವರಿಬ್ಬರ ವ್ಯವಹಾರ. ಶತ್ರುಗಳು ಸೆರೆ ಹಿಡಿದುಕೊಂಡು ಹೋದವರ ಕುಟುಂಬಕ್ಕೆ ಹಣ ಕೊಡುವ ವ್ಯವಸ್ಥೆಯೂ ಅದರಲ್ಲೇ ಇದೆ.

ಮನಸ್ಸಿಗೆ ಆದ ಪೆಟ್ಟೂ ಪೆಟ್ಟೇ. ನಿದ್ದೆ ಬರುವುದಿಲ್ಲ, ಪಟಾಕಿ ಸದ್ದಿಗೆ ಮೈ ನಡುಗುತ್ತದೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಾಡುತ್ತಾರೆ. ಇದನ್ನು ನಮ್ಮ ಕಡೆ ಕಾಯಿಲೆ ಅಂತ ಒಪ್ಪಿಕೊಳ್ಳುವುದೇ ಕಷ್ಟ ಅಲ್ವಾ? ಕಾನೂನು ಒಪ್ಪುತ್ತದೆ. ಆದರೆ ಡಾಕ್ಟರ ದಾಖಲೆ ಬೇಕು.

ಇನ್ನು ಈ ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಭಾಗಕ್ಕೆ ಬರುತ್ತೇನೆ. ಡ್ಯೂಟಿ ಮುಗಿಸಿದ ಮೇಲೆ ಆದ ಅಪಘಾತ ಏನಾಗುತ್ತದೆ? 1951ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಗುವಾಮ್ ದ್ವೀಪದ ಒಂದು ಕೇಸ್ ಬಂತು. ಕಂಪನಿ ನಡೆಸುತ್ತಿದ್ದ ವಿರಾಮ ತಾಣದ ಪಕ್ಕದ ಸಮುದ್ರದಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದರು, ಅವರನ್ನು ಉಳಿಸಲು ಈಜಿದ ನೌಕರ ತಾನೇ ಮುಳುಗಿ ಸತ್ತ. ಅದು ಅವನ ಕೆಲಸವಂತೂ ಅಲ್ಲ. ಕೋರ್ಟ್ ಹೇಳಿದ್ದು ಇಷ್ಟು: ಕೆಲಸವೇ ಅವನನ್ನು ಅಂಥ ಅಪಾಯದ ವಲಯಕ್ಕೆ ತಂದು ನಿಲ್ಲಿಸಿದೆ, ಆದ್ದರಿಂದ ಪರಿಹಾರ ಸಲ್ಲಬಹುದು. ಇಂಗ್ಲಿಷಿನಲ್ಲಿ ಇದಕ್ಕೆ 'ಜೋನ್ ಆಫ್ ಸ್ಪೆಷಲ್ ಡೇಂಜರ್' ಅನ್ನುತ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ, ವಕೀಲರ ಹತ್ತಿರ ಹೇಳಲು ಬೇಕಾಗುತ್ತದೆ. 2015ರಲ್ಲಿ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ದಿನಸಿ ತರಲು ಟ್ಯಾಕ್ಸಿ ಹತ್ತಿ ಹೋಗುವಾಗ ಅಪಘಾತದಲ್ಲಿ ಸತ್ತ ನೌಕರನ ಕುಟುಂಬದ ಪರವಾಗಿ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. 2017ರಲ್ಲಿ ಮಾರ್ಷಲ್ ದ್ವೀಪಗಳಲ್ಲಿ ಕೆಲಸಕ್ಕೆಂದು ದೂರದ ದ್ವೀಪಕ್ಕೆ ಹೋಗಿದ್ದಾಗ ಮೀನು ಹಿಡಿಯುತ್ತಾ ಹವಳದ ದಿಬ್ಬದ ಮೇಲೆ ಕಾಲು ಕೊಯ್ದುಕೊಂಡ ಸ್ಥಳೀಯ ಕೆಲಸಗಾರನಿಗೂ ಇದೇ ನಿಯಮ ಸಲ್ಲುತ್ತದೆ ಅಂತ ಇನ್ನೊಂದು ಕೋರ್ಟ್ ಹೇಳಿತು. ಹಾಗಂತ ಎಲ್ಲೆಲ್ಲೋ ಏನೇನೋ ಮಾಡಿಕೊಂಡರೆ ಸಿಗುತ್ತದೆ ಅಂತಲ್ಲ. ಕೆಲಸಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲದಷ್ಟು ದೂರ ಹೋಗಿದ್ದರೆ ಇಲ್ಲ. ಆದರೆ ಕ್ಯಾಂಪಿನ ಜಿಮ್‌ನಲ್ಲಿ ಮಂಡಿ ತಿರುಚಿದ್ದು, ವಾಲಿಬಾಲ್ ಆಡುವಾಗ ಬಿದ್ದದ್ದು, ಇಂಥವನ್ನು "ಅದು ಡ್ಯೂಟಿ ಅಲ್ವಲ್ಲ" ಅಂತ ನೀವೇ ಬಿಟ್ಟುಬಿಡಬೇಡಿ.

ಪ್ರಯಾಣವೂ ಹಾಗೇ. ಕಂಪನಿಯೋ ಅಮೆರಿಕ ಸರ್ಕಾರವೋ ವಾಹನ ಕೊಟ್ಟಿದ್ದರೆ ಅಥವಾ ಅದರ ಖರ್ಚು ಭರಿಸಿದ್ದರೆ, ಹೋಗುವಾಗ ಬರುವಾಗ ಆದದ್ದೂ ಸೇರುತ್ತದೆ. 2004ರ ಆಗಸ್ಟ್‌ನಲ್ಲಿ ಇರಾಕಿನ ಬೇಸ್ ಒಂದಕ್ಕೆ ಕೆಲಸಕ್ಕೆಂದು ಹೊರಟಿದ್ದ 12 ಮಂದಿ ನೇಪಾಳಿಗಳನ್ನು ದಾರಿಯಲ್ಲೇ ಅಪಹರಿಸಿ ಕೊಂದರು. ಅವರು ಬೇಸ್ ಮುಟ್ಟಿರಲೇ ಇಲ್ಲ. ಆದರೂ ಅವರ ಕುಟುಂಬಗಳಿಗೆ ಇದೇ ಕಾನೂನಿನಡಿ ಪರಿಹಾರ ಕೊಡಬೇಕು ಅಂತ 2008ರಲ್ಲಿ ತೀರ್ಪಾಯಿತು.

ಮೊದಲ 30 ದಿನ

ಪೆಟ್ಟಾದ 30 ದಿನದ ಒಳಗೆ ಕಂಪನಿಗೆ ಬರಹದಲ್ಲಿ ತಿಳಿಸಬೇಕು. ಇದಕ್ಕೆ ಎಲ್‌ಎಸ್-201 ಅಂತ ಫಾರಂ ಇದೆ, ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಫಾರಂ ಸಿಗದಿದ್ದರೆ ಕಾಯುತ್ತಾ ಕೂರಬೇಡಿ, ಸೂಪರ್‌ವೈಸರ್‌ಗೂ ಎಚ್‌ಆರ್‌ಗೂ ಒಂದು ಇಮೇಲ್ ಹಾಕಿ. ಯಾವತ್ತು, ಎಲ್ಲಿ, ಹೇಗೆ ಆಯಿತು, ಮೈಯ ಯಾವ ಯಾವ ಭಾಗಕ್ಕೆ ಪೆಟ್ಟು, ನಾಲ್ಕು ಸಾಲು ಸಾಕು. ಕಂಪನಿಯ ಇಮೇಲ್‌ನಿಂದ ಕಳಿಸಿದರೆ ನಿಮ್ಮ ಸ್ವಂತ ಇಮೇಲ್‌ಗೂ ಒಂದು ಪ್ರತಿ ಹಾಕಿ, ಯಾಕೆಂದರೆ ಕೆಲಸದಿಂದ ತೆಗೆದ ಮರುಗಳಿಗೆಯಲ್ಲೇ ಕಂಪನಿಯ ಇಮೇಲ್ ಮುಚ್ಚಿಹೋಗುತ್ತದೆ, ಆಮೇಲೆ ನೀವು ಬರೆದದ್ದು ನಿಮಗೇ ಸಿಗುವುದಿಲ್ಲ. ಬಾಯಲ್ಲಿ ಹೇಳಿದ್ದೆ ಅನ್ನುವುದು ಕೊನೆಗೆ ಅವರ ಮಾತು ನಿಮ್ಮ ಮಾತು ಅಂತಾಗುತ್ತದೆ.

30 ದಿನ ಮೀರಿಹೋಗಿದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಕಂಪನಿಗೆ ವಿಷಯ ಆಗಲೇ ಗೊತ್ತಿತ್ತು ಅಂತ ತೋರಿಸಿದರೆ, ಅಥವಾ ತಡವಾದದ್ದರಿಂದ ಅವರಿಗೇನೂ ನಷ್ಟವಾಗಿಲ್ಲ ಅಂದರೆ ಮನ್ನಿಸಬಹುದು. ಕ್ಯಾಂಪ್ ಕ್ಲಿನಿಕ್‌ನ ಚೀಟಿ, ಪೆಟ್ಟಾದ ದಿನ ಸೂಪರ್‌ವೈಸರ್ ಜೊತೆ ಆದ ವಾಟ್ಸಾಪ್ ಮಾತುಕತೆ ಇಂಥ ಹೊತ್ತಿನಲ್ಲೇ ಕೆಲಸಕ್ಕೆ ಬರುವುದು. ಫೋನ್ ಬದಲಾಯಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಂಪನಿಗೆ ತಿಳಿದ ಮೇಲೆ ಅವರು 10 ದಿನದ ಒಳಗೆ ಎಲ್‌ಎಸ್-202 ವರದಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಬೇಕು. "ಅದನ್ನು ಕಳಿಸಿದ್ದೀರಾ, ಪ್ರತಿ ಕೊಡಿ" ಅಂತ ಕೇಳಿ. ಇಲಾಖೆಯಲ್ಲಿ ಕೇಸ್ ದಾಖಲಾದರೆ ಒಂದು ಒಡಬ್ಲ್ಯುಸಿಪಿ ನಂಬರ್, ಅಂದರೆ ಇಲಾಖೆಯ ಪರಿಹಾರ ವಿಭಾಗದ ಕೇಸ್ ನಂಬರ್ ಬರುತ್ತದೆ. ಇನ್ನು ಮುಂದೆ ಪ್ರತಿ ಕಾಗದದ ಮೇಲೂ ಆ ನಂಬರ್ ಬರೆಯಿರಿ.

ಒಂದು ವರ್ಷದ ಗಡಿ

ಕಂಪನಿಗೆ ತಿಳಿಸಿದ್ದು ಕ್ಲೇಮ್ ಅಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ವಿಮೆಯವರು ಆಸ್ಪತ್ರೆ ಬಿಲ್ ಕಟ್ಟುತ್ತಿದ್ದಾರೆ, ಮ್ಯಾನೇಜರ್ ಒಳ್ಳೆಯ ಮಾತಾಡುತ್ತಿದ್ದಾರೆ, ಎಲ್ಲ ಆಗುತ್ತಿದೆ ಅಂದುಕೊಂಡು ಕೂತರೆ ವರ್ಷ ಕಳೆದುಹೋಗಿರುತ್ತದೆ. ಕ್ಲೇಮ್ ಅಂದರೆ ಎಲ್‌ಎಸ್-203 ಫಾರಂ. ಅದು ಅಮೆರಿಕದ ಕಾರ್ಮಿಕ ಇಲಾಖೆಗೆ ಹೋಗಬೇಕು, ಕಂಪನಿಗಲ್ಲ. ಪೆಟ್ಟಾದ ಅಥವಾ ಕೊನೆಯ ಬಾರಿ ಪರಿಹಾರದ ಹಣ ಬಂದ ದಿನದಿಂದ ಒಂದು ವರ್ಷದ ಒಳಗೆ. ಕೆಲಸದಿಂದ ನಿಧಾನಕ್ಕೆ ಬಂದ ಕಾಯಿಲೆ ಆದರೆ ಎರಡು ವರ್ಷ, ಅದೂ ಕಾಯಿಲೆಗೂ ಕೆಲಸಕ್ಕೂ ನಂಟಿದೆ ಅಂತ ನಿಮಗೆ ತಿಳಿದ ಮೇಲಿಂದ. ಮಾನಸಿಕ ತೊಂದರೆ ಎರಡು ವರ್ಷದ ಗುಂಪಿಗೆ ಬರುತ್ತದೋ ಒಂದು ವರ್ಷದ್ದೋ ಅಂತ ಜಗಳವಾಗುತ್ತದೆ. ನೀವು ಒಂದೇ ವರ್ಷ ಅಂತ ಲೆಕ್ಕ ಹಾಕಿಕೊಳ್ಳಿ, ಜಗಳವೇ ಬೇಡ.

ಕಂಪನಿ ಆ ಎಲ್‌ಎಸ್-202 ಕಳಿಸದೇ ಮುಚ್ಚಿಟ್ಟಿದ್ದರೆ, ವಿಷಯ ಗೊತ್ತಿದ್ದೂ ಸುಮ್ಮನಿದ್ದರೆ, ಅವರು ಕಳಿಸುವವರೆಗೆ ನಿಮ್ಮ ಗಡುವಿನ ಗಡಿಯಾರ ಓಡುವುದೇ ಇಲ್ಲ. ಹಳೇ ಪೆಟ್ಟು ಇಟ್ಟುಕೊಂಡು ಕೈಕಟ್ಟಿ ಕೂತವರು ಇದೊಂದನ್ನು ವಕೀಲರ ಹತ್ತಿರ ಖಂಡಿತ ಕೇಳಬೇಕು.

ಫಾರಂ ತುಂಬುವಾಗ ಒಂದು ಕಿವಿಮಾತು. ಬೆನ್ನು ನೋವು ಜೋರಾಗಿದೆ ಅಂತ ಬರೀ ಬೆನ್ನು ಬರೆದು ಕಳಿಸುತ್ತಾರೆ. ಆಮೇಲೆ ಮಂಡಿ, ಕಿವಿ, ನಿದ್ದೆ ಒಂದೊಂದೇ ಕೈಕೊಡುತ್ತವೆ, ಆಗ ವಿಮೆಯವರು "ಇದನ್ನು ಮೊದಲು ಹೇಳಿರಲಿಲ್ಲವಲ್ಲ" ಅನ್ನುತ್ತಾರೆ. ಆ ದಿನ ತಲೆಯಿಂದ ಕಾಲಿನವರೆಗೆ ಎಲ್ಲೆಲ್ಲಿ ಪೆಟ್ಟಾಗಿತ್ತೋ ಅಷ್ಟನ್ನೂ ಬರೆಯಿರಿ, ಸಣ್ಣದಾದರೂ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಸುಳ್ಳು ಹೇಳಿ ಹಣ ಪಡೆಯುವುದು ಅಲ್ಲಿ ಕ್ರಿಮಿನಲ್ ಕೇಸು. ಮುಂಚೆ ಅದೇ ಜಾಗಕ್ಕೆ ಪೆಟ್ಟಾಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹಳೇ ನೋವನ್ನು ಈ ಕೆಲಸ ಜೋರು ಮಾಡಿದ್ದರೂ ಪರಿಹಾರ ಸಲ್ಲುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಸತ್ತವರ ಪರವಾಗಿ ಕುಟುಂಬ ಕೇಳುವುದಾದರೆ ಫಾರಂ ಎಲ್‌ಎಸ್-262. ಅದಕ್ಕೂ ಒಂದು ವರ್ಷ. ಮದುವೆ ಪತ್ರ, ಮಕ್ಕಳ ಜನನ ಪತ್ರ, ಮರಣ ಪತ್ರ, ಇವುಗಳ ಇಂಗ್ಲಿಷ್ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟಿನಲ್ಲಿ ಒಂದು, ಮದುವೆ ಪತ್ರದಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿ ಮಾಡಿಸಿ.

ಎಷ್ಟು ಹಣ

ಲೆಕ್ಕ ಸುಲಭ, ಜಗಳ ಕಷ್ಟ. ಪೂರ್ತಿ ಕೆಲಸ ಮಾಡಲಾಗದಿದ್ದರೆ ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗ. ವಾರಕ್ಕೆ 600 ಡಾಲರ್ ಇದ್ದರೆ 400 ಡಾಲರ್. ಮೊದಲ 3 ದಿನಕ್ಕೆ ಇಲ್ಲ, ಆದರೆ 14 ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ಆ 3 ದಿನದ್ದೂ ಸೇರುತ್ತದೆ. ಗರಿಷ್ಠಕ್ಕೆ ಮಿತಿ ಇದೆ, ಅಮೆರಿಕದ ರಾಷ್ಟ್ರೀಯ ಸರಾಸರಿ ವಾರದ ಸಂಬಳದ ಎರಡರಷ್ಟು, ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ. ಬಂದರಿನ ಕೂಲಿಗಳಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತ ಕನಿಷ್ಠ ಮಿತಿಯೂ ಇದೆ, ಡಿಬಿಎಯಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ಅಂದರೆ ಕಡಿಮೆ ಸಂಬಳದವನಿಗೆ ಕಡಿಮೆಯ ಮೂರನೇ ಎರಡು ಭಾಗ, ಅಷ್ಟೇ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ವಾಸಿಯಾದ ಮೇಲೂ ಉಳಿಯುವ ಊನಕ್ಕೆ ಒಂದು ಪಟ್ಟಿ ಇದೆ. ತೋಳಿಗೆ 312 ವಾರ, ಕಾಲಿಗೆ 288, ಹಸ್ತಕ್ಕೆ 244, ಪಾದಕ್ಕೆ 205, ಕಣ್ಣಿಗೆ 160, ಹೆಬ್ಬೆರಳಿಗೆ 75. ಒಂದು ಕಿವಿ ಹೋದರೆ 52, ಎರಡೂ ಹೋದರೆ 200. ಮೇಲಿನ ಲೆಕ್ಕದ ಮನುಷ್ಯನ ಹಸ್ತ ಪೂರ್ತಿ ಹೋದರೆ 244 ವಾರಕ್ಕೆ 400ರಂತೆ 97,600 ಡಾಲರ್. ಶೇ. 10ರಷ್ಟು ಊನ ಅಂತ ಡಾಕ್ಟರು ಬರೆದರೆ 9,760. ಶೇ. 10 ಅನ್ನುವುದೋ 20 ಅನ್ನುವುದೋ, ಒಂದು ಅಂಕಿಯಲ್ಲಿ ಎಷ್ಟು ದುಡ್ಡು ಕೂತಿದೆ ನೋಡಿ. ಅದಕ್ಕೇ ಡಾಕ್ಟರನ್ನು ನೀವೇ ಆರಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಡಬೇಡಿ. ವಿಮೆಯವರು ತಮ್ಮ ಡಾಕ್ಟರ ಹತ್ತಿರ ಒಮ್ಮೆ ಪರೀಕ್ಷೆಗೆ ಕರೆದರೆ ಹೋಗಬೇಕು, ಕಾರಣವಿಲ್ಲದೆ ತಪ್ಪಿಸಿದರೆ ಹಣ ನಿಲ್ಲಿಸಬಹುದು. ಆದರೆ ಚಿಕಿತ್ಸೆ ಕೊಡುವ ಡಾಕ್ಟರು ನಿಮ್ಮ ಆಯ್ಕೆ. ಒಮ್ಮೆ ಆರಿಸಿದ ಮೇಲೆ ಬದಲಾಯಿಸಲು ಒಪ್ಪಿಗೆ ಬೇಕು, ಹಾಗಾಗಿ ಮೊದಲೇ ಯೋಚಿಸಿ.

ಬೆನ್ನು, ಕುತ್ತಿಗೆ, ತಲೆ, ಮನಸ್ಸು ಈ ಪಟ್ಟಿಯಲ್ಲಿ ಇಲ್ಲ. ಅವಕ್ಕೆ ಲೆಕ್ಕ ಬೇರೆ. ಮುಂಚೆ ಎಷ್ಟು ದುಡಿಯುತ್ತಿದ್ದಿರಿ, ಈಗ ಎಷ್ಟು ದುಡಿಯಬಲ್ಲಿರಿ, ಆ ವ್ಯತ್ಯಾಸದ ಮೂರನೇ ಎರಡು ಭಾಗ. ವ್ಯತ್ಯಾಸ ಇರುವವರೆಗೆ ಬರುತ್ತಲೇ ಇರಬೇಕು, ಆದ್ದರಿಂದ ವಿಮೆಯವರು ಜೋರಾಗಿ ಹೊಡೆದಾಡುವುದೂ ಇಲ್ಲೇ.

ಸಂಬಳದ ಲೆಕ್ಕವನ್ನು ಕಣ್ಣಿಟ್ಟು ನೋಡಿ. ಮೂಲ ಸಂಬಳ ಮಾತ್ರವಲ್ಲ, ಓವರ್‌ಟೈಮ್, ಅಪಾಯದ ಭತ್ಯೆ, ಬೋನಸ್ ಕೂಡ ಸೇರಬೇಕು. ಪುಕ್ಕಟೆ ಊಟ ವಸತಿಯನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ಅಲ್ಲಿಗೆ ಹೋಗಿ ಎರಡೇ ತಿಂಗಳಾಗಿದ್ದರೆ, ಹಿಂದಿನ ಹತ್ತು ತಿಂಗಳ ಚಿಕ್ಕ ಸಂಬಳವನ್ನೂ ಬೆರೆಸಿ ಸರಾಸರಿ ಇಳಿಸುವ ಆಟ ನಡೆಯುತ್ತದೆ. ಒಂದು ವರ್ಷದ ಕಾಂಟ್ರಾಕ್ಟಿನಲ್ಲಿ, ಅಪಾಯದ ಜಾಗಕ್ಕೆಂದೇ ಜಾಸ್ತಿ ಸಂಬಳಕ್ಕೆ ಕರೆದೊಯ್ದಿದ್ದರೆ ಅಲ್ಲಿನ ಸಂಬಳದ ಮೇಲೆಯೇ ಲೆಕ್ಕ ಹಾಕಬೇಕು ಅಂತ ಅಮೆರಿಕದ ಮೇಲ್ಮನವಿ ಮಂಡಳಿಯ ತೀರ್ಪುಗಳಿವೆ. ಒಪ್ಪಿಕೊಳ್ಳುವ ಮುಂಚೆ ಆ ಲೆಕ್ಕದ ಹಾಳೆ ಕೇಳಿ ನೋಡಿ.

ಸಾವಿನ ಕೇಸಿನಲ್ಲಿ ಹೆಂಡತಿ ಅಥವಾ ಗಂಡನಿಗೆ ಸಂಬಳದ ಅರ್ಧ, ಮಕ್ಕಳೂ ಇದ್ದರೆ ಒಟ್ಟು ಮೂರನೇ ಎರಡು ಭಾಗ, ಅಂತ್ಯಕ್ರಿಯೆಗೆ 3,000 ಡಾಲರ್‌ವರೆಗೆ. ಅಮೆರಿಕದಲ್ಲಿ ನೆಲೆಸಿಲ್ಲದ ವಿದೇಶಿಯರಿಗೆ ಎರಡು ಕೊಕ್ಕೆ ಇವೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಒಂದು, ಹೊರದೇಶದಲ್ಲಿರುವ ಅವಲಂಬಿತರು ಅಂದರೆ ಹೆಂಡತಿ ಮಕ್ಕಳು ಮಾತ್ರ. ಅವರಿಲ್ಲದಿದ್ದರೆ, ಪೆಟ್ಟಾಗುವ ಮುಂಚಿನ ಒಂದು ವರ್ಷ ಅವನು ಸಾಕುತ್ತಿದ್ದ ತಂದೆ ಅಥವಾ ತಾಯಿ. ತಮ್ಮ ತಂಗಿಯರು ಬರುವುದಿಲ್ಲ. ಅದಕ್ಕೇ ಮನೆಗೆ ಹಣ ಕಳಿಸಿದ ಬ್ಯಾಂಕ್ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎರಡು, ವಿಮೆ ಕಂಪನಿ ಅರ್ಜಿ ಹಾಕಿದರೆ ಮುಂದೆ ಬರಬೇಕಾದ ಕಂತುಗಳನ್ನೆಲ್ಲ ಒಟ್ಟು ಮಾಡಿ, ಅದರ ಇವತ್ತಿನ ಬೆಲೆಯ ಅರ್ಧವನ್ನು ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳಬಹುದು. ಹೌದು, ಅರ್ಧ. ಅಮೆರಿಕದವನಾಗಿದ್ದರೆ ಹೀಗೆ ಮಾಡಲಾಗುತ್ತಿರಲಿಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ.

ಅವರು ಇಲ್ಲ ಅಂದರೆ

ಕಂಪನಿಗೆ ತಿಳಿದ 14ನೇ ದಿನಕ್ಕೆ ಮೊದಲ ಕಂತು ಸಲ್ಲಬೇಕು. ಇಲ್ಲವೇ ಎಲ್‌ಎಸ್-207 ಅನ್ನುವ ಫಾರಂನಲ್ಲಿ ಯಾಕೆ ಕೊಡುವುದಿಲ್ಲ ಅಂತ ಬರೆದು ಕಳಿಸಬೇಕು. ಎರಡೂ ಮಾಡದೇ ಸುಮ್ಮನಿದ್ದರೆ ಆ ಕಂತಿನ ಮೇಲೆ ಶೇ. 10 ದಂಡ ಸೇರುತ್ತದೆ. ಎಲ್‌ಎಸ್-207 ಬಂದರೆ ಎದೆ ಒಡೆದುಕೊಳ್ಳಬೇಡಿ. ಅದು ತೀರ್ಪಲ್ಲ, ವಿಮೆಯವರ ವಾದ ಅಷ್ಟೇ. ಅಲ್ಲಿಂದ ಇಲಾಖೆಯ ಅಧಿಕಾರಿಯ ಮುಂದೆ ಒಂದು ಮಾತುಕತೆ ನಡೆಯುತ್ತದೆ, ಫೋನಿನಲ್ಲೂ ಆಗಬಹುದು. ಅಲ್ಲಿ ಒಪ್ಪಂದವಾಗದಿದ್ದರೆ ಇಲಾಖೆಯ ಜಡ್ಜ್ ಮುಂದೆ ವಿಚಾರಣೆ, ಅದರ ಮೇಲೆ ಬೆನಿಫಿಟ್ಸ್ ರಿವ್ಯೂ ಬೋರ್ಡ್ ಅನ್ನುವ ಮೇಲ್ಮನವಿ ಮಂಡಳಿ, ಆಮೇಲೆ ಫೆಡರಲ್ ಕೋರ್ಟ್. ನಿಮಗೊಂದು ಅನುಕೂಲವಿದೆ. ಪೆಟ್ಟಾಗಿದೆ, ಕೆಲಸದಲ್ಲಿ ಅದಕ್ಕೆ ಕಾರಣವಾಗಬಲ್ಲ ಸಂದರ್ಭವಿತ್ತು, ಇಷ್ಟನ್ನು ತೋರಿಸಿದರೆ ಕಾನೂನು ಮೊದಲು ನಿಮ್ಮ ಕಡೆ ನಿಲ್ಲುತ್ತದೆ. ಅಲ್ಲ ಅಂತ ಸಾಕ್ಷಿ ತರುವ ಹೊರೆ ಅವರದ್ದು.

ವಕೀಲರು ಬೇಕಾ? ಹಣ ಸರಿಯಾಗಿ ಬರುತ್ತಿದ್ದರೆ ಅವಸರವಿಲ್ಲ. ಎಲ್‌ಎಸ್-207 ಬಂದ ದಿನ ಬೇಕು. ಡಿಬಿಎ ಕೇಸುಗಳನ್ನೇ ನಡೆಸುವ ಅಮೆರಿಕದ ವಕೀಲರನ್ನು ಹುಡುಕಿ. ವಿಮೆಯವರು ನಿರಾಕರಿಸಿದ ಹಣವನ್ನು ವಕೀಲರು ಗೆದ್ದುಕೊಟ್ಟರೆ, ಸಾಮಾನ್ಯವಾಗಿ ಅವರ ಫೀಸನ್ನು ವಿಮೆಯವರೇ ಕೊಡಬೇಕು. ಇಲಾಖೆಯದ್ದೋ ಜಡ್ಜ್‌ದೋ ಒಪ್ಪಿಗೆ ಇಲ್ಲದೆ ಫೀಸ್ ತೆಗೆದುಕೊಳ್ಳುವುದು ಅಪರಾಧ. ಆದ್ದರಿಂದ "ಮೊದಲು ಇಷ್ಟು ಹಾಕಿ, ಕೇಸ್ ಮಾಡಿಸಿಕೊಡ್ತೀನಿ" ಅಂತ ಯಾವನಾದರೂ ಏಜೆಂಟ್ ಬಂದರೆ ಬಾಗಿಲು ಹಾಕಿ. ಪರಿಹಾರದ ಹಣವನ್ನು ಸಾಲಗಾರರು ಹಿಡಿದುಕೊಳ್ಳುವ ಹಾಗಿಲ್ಲ ಅಂತಲೂ ಕಾನೂನಿದೆ, ಕೆಲಸ ಕೊಡಿಸಿದ ಏಜೆಂಟ್ ಬಾಕಿ ನೆಪ ಹೇಳಿದರೆ ಇದನ್ನು ನೆನಪಿಸಿ.

ಸಹಿ ಹಾಕುವ ಮುಂಚೆ

ಮನೆಗೆ ಕಳಿಸುವ ದಿನ ಟಿಕೆಟ್ ಜೊತೆ ಒಂದು ಕಾಗದ ಮುಂದಿಡುತ್ತಾರೆ. "ನನಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನೇನೂ ಕೇಳುವುದಿಲ್ಲ." ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂಥ ಒಪ್ಪಂದಕ್ಕೆ ಈ ಕಾನೂನಿನಲ್ಲಿ ಬೆಲೆ ಇಲ್ಲ. ಸಹಿ ಹಾಕಿ ಬಂದಿದ್ದರೂ ಕ್ಲೇಮ್ ಹಾಕಬಹುದು. ವಿಮೆಯ ಕಂತು ಅಂತ ನಿಮ್ಮ ಸಂಬಳದಿಂದ ಹಣ ಹಿಡಿದಿದ್ದರೆ ಅದೂ ತಪ್ಪು, ಆ ಖರ್ಚು ಪೂರ್ತಿ ಕಂಪನಿಯದ್ದು. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದಕ್ಕೂ ದಂಡವಿದೆ.

ರಾಜಿ ಬೇರೆ ವಿಷಯ. ಒಂದೇ ಗಂಟು ತೆಗೆದುಕೊಂಡು ಕೇಸ್ ಮುಗಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಇಲಾಖೆಯೋ ಜಡ್ಜೋ ಒಪ್ಪಬೇಕು. ಒಮ್ಮೆ ಒಪ್ಪಿಗೆಯಾದರೆ ಅದನ್ನು ಮತ್ತೆ ತೆರೆಯಲು ಆಗುವುದಿಲ್ಲ. ರಾಜಿ ಪತ್ರದಲ್ಲಿ ಮುಂದಿನ ಚಿಕಿತ್ಸೆಯ ಖರ್ಚನ್ನೂ ಮುಚ್ಚಿಹಾಕಿದ್ದಾರಾ ಅಂತ ನೋಡಿ. ಬೆನ್ನಿನಲ್ಲಿ ರಾಡ್ ಹಾಕಿಸಿಕೊಂಡ 35 ವರ್ಷದವನಿಗೆ ಮುಂದೆ ಇನ್ನೊಂದು ಆಪರೇಷನ್ ಬೇಕಾದರೆ, ಗಂಟು ತೆಗೆದುಕೊಂಡಿದ್ದ ಹಣ ಅದಕ್ಕೇ ಹೋಗಿಬಿಡುತ್ತದೆ. ರಾಜಿ ಇಲ್ಲದೆ ಕೇಸ್ ಹಾಗೇ ಇದ್ದರೆ, ಆ ಪೆಟ್ಟಿಗೆ ಬೇಕಾದ ಚಿಕಿತ್ಸೆ ಎಷ್ಟು ವರ್ಷವಾದರೂ ಅವರ ಖರ್ಚು, ಆಸ್ಪತ್ರೆಗೆ ಹೋಗಿಬರುವ ದಾರಿ ಖರ್ಚು ಸೇರಿ.

ಕೊನೆಗೆ, ಹಣ ನಿಲ್ಲಿಸುವಾಗ ವಿಮೆಯವರು ಎಲ್‌ಎಸ್-208 ಅಂತ ಒಂದು ಕಾಗದ ಕಳಿಸುತ್ತಾರೆ. ಅದನ್ನು ಎಸೆಯಬೇಡಿ. ಅದರಲ್ಲಿ ಕೊನೆಯ ಹಣ ಕೊಟ್ಟ ತಾರೀಖು ಇರುತ್ತದೆ. ಇನ್ನೂ ಎಲ್‌ಎಸ್-203 ಹಾಕಿರದಿದ್ದರೆ ನಿಮ್ಮ ಒಂದು ವರ್ಷ ಅಲ್ಲಿಂದ ಎಣಿಕೆಯಾಗುತ್ತದೆ. ತೀರ್ಪಾಗಿ ಹಣ ಬಂದಿದ್ದು ಆಮೇಲೆ ಸ್ಥಿತಿ ಕೆಟ್ಟರೆ, ಅದನ್ನು ಬದಲಾಯಿಸಿ ಅಂತ ಕೇಳಲೂ ಅಲ್ಲಿಂದ ಒಂದು ವರ್ಷ. ಆ ತಾರೀಖಿಗೆ ಹನ್ನೊಂದು ತಿಂಗಳು ಸೇರಿಸಿ ಫೋನಿನಲ್ಲಿ ಅಲಾರಾಂ ಇಡಿ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಒಂದು ಇರಲಿ.